ಒಳಗೋ ಹೊರಗೋ: ರೈಲು ನಿಲ್ದಾಣದ ಸೈಕಲ್ಲುಗಳ ಒಂದು ಚರಿತ್ರೆ

"ಸೈಕಲ್ ನಿಲ್ಲಿಸಿದ್ದು ಕಾಂಪೌಂಡಿನ ಒಳಗೋ, ಹೊರಗೋ?"

1994ರ ಫೆಬ್ರವರಿಯ ಒಂದು ರಾತ್ರಿ ಠಾಣೆಯೊಂದರ ಮೇಜಿನ ಮುಂದೆ ನಿಂತಿದ್ದ ನನಗೆ ಬಂದ ಪ್ರಶ್ನೆ ಇದು. ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ಕಳೆದರೂ ಸರಿಯಾಗಿ ಗೊತ್ತಿಲ್ಲ. ನಾನು ಸೈಕಲ್ ಒರಗಿಸಿದ್ದು ಒಂದು ಹೊಂಗೆ ಮರಕ್ಕೆ. ನಿಲ್ದಾಣದ ಕಾಂಪೌಂಡ್ ಗೋಡೆಯನ್ನು ಆ ಮರ ಎಂದೋ ಬಿರಿದು ಹಾಕಿತ್ತು. ಬುಡದ ಅರ್ಧ ರೈಲ್ವೆಯದು, ಇನ್ನರ್ಧ ಊರಿನದು. ಬೆಳಿಗ್ಗೆ ಮೈಸೂರಿನ ಗಾಡಿಗೆ ಓಡುವ ಹುಡುಗರಿಗೆ ಅದನ್ನೆಲ್ಲ ಅಳೆಯುವ ವ್ಯವಧಾನ ಎಲ್ಲಿರುತ್ತದೆ? ನೆರಳಿದೆ, ಎದುರಿಗೆ ಟೀ ಅಂಗಡಿ ಇದೆ, ನಾಲ್ಕು ಜನ ನೋಡುತ್ತಿರುತ್ತಾರೆ. ಅಷ್ಟು ಸಾಕಾಗಿತ್ತು.

ಆ ನಿಲ್ದಾಣದ ಹೆಸರು ಇಲ್ಲಿ ಬೇಡ. ಅಂದು ಮೇಜಿನ ಆಚೆ ಕೂತಿದ್ದವರ ಮೇಲೆ ನನಗೆ ಈಗ ಸಿಟ್ಟೂ ಇಲ್ಲ. ನಮ್ಮೂರು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ, ಕಪಿಲೆಯ ಬಯಲಿನಲ್ಲಿದೆ. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಊರಿನಿಂದ ನಿಲ್ದಾಣದವರೆಗೆ ಅಪ್ಪನ ಸೈಕಲ್, ಅಲ್ಲಿಂದ ಮೀಟರ್ ಗೇಜ್ ರೈಲು. ಸಂಜೆಯ ಗಾಡಿ ತಡವಾಗಿ ಬಂತು. ಇಳಿದು ನೋಡಿದರೆ ಮರದ ಕೆಳಗೆ ಬೇರೆಯವರ ಸೈಕಲ್ಲುಗಳೆಲ್ಲ ಇದ್ದವು, ನನ್ನದೊಂದೇ ಇರಲಿಲ್ಲ. ಹಿಂದಿನ ಚಕ್ರಕ್ಕೆ ಹಾಕಿದ್ದ ಬೀಗದ ಕೈ ಜೇಬಿನಲ್ಲೇ ಇತ್ತು. ಆ ಬೀಗದ ಕೈಯನ್ನು ಬಹಳ ದಿನ ಇಟ್ಟುಕೊಂಡಿದ್ದೆ.

ಠಾಣೆಯಲ್ಲಿ ಮೂರು ಪ್ರಶ್ನೆ ಕೇಳಿದರು. ಯಾವ ಕಂಪನಿ? ಹರ್ಕ್ಯುಲಿಸ್ ಅಂದೆ. ನಂಬರ್ ಏನು? ಸೈಕಲ್ಲಿಗೆ ನಂಬರ್ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಳಗೋ ಹೊರಗೋ? ಅರ್ಧರ್ಧ ಅಂದೆ. ಅಲ್ಲಿದ್ದವರು ನಕ್ಕರು. ಅದು ರೈಲ್ವೆಯವರಿಗೆ ಸೇರಿದ್ದು, ಅಲ್ಲಿ ಕೇಳು ಅಂದರು. ರೈಲ್ವೆಯವರು, ಗೋಡೆಯಾಚೆ ನಮ್ಮದಲ್ಲ, ಊರಿನ ಠಾಣೆಗೆ ಹೋಗು ಅಂದರು. ಮೂರನೆಯ ದಿನ ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಬರೆದು ಕೊಟ್ಟು ಬಂದೆ. ಅದಕ್ಕೆ ರಶೀದಿ ಸಿಗಲಿಲ್ಲ.

ಈ ಒಳಗೆ-ಹೊರಗೆ ಎಂಬ ಗೆರೆಯನ್ನು ಯಾರು ಎಳೆದರು ಎಂದು ಹುಡುಕತೊಡಗಿದ್ದು ಬಹಳ ತಡವಾಗಿ. ಹುಡುಕುತ್ತ ಹೋದರೆ ಅದು ನಮ್ಮ ರೈಲು ದಾರಿಯಷ್ಟೇ ಹಳೆಯದು ಎಂದು ತಿಳಿಯಿತು.

1876ರಿಂದ 78ರ ಮಹಾಕ್ಷಾಮದ ಬೆನ್ನಿಗೆ, ಬಹುಮಟ್ಟಿಗೆ ಬರಪರಿಹಾರದ ಕಾಮಗಾರಿಯಾಗಿ ಶುರುವಾದದ್ದು ಬೆಂಗಳೂರು-ಮೈಸೂರು ರೈಲು ದಾರಿ. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿತು, 1882ರಲ್ಲಿ ರೈಲು ಮೈಸೂರಿಗೆ ಬಂತು. 1891ರಲ್ಲಿ ನಂಜನಗೂಡಿಗೆ ಮುಂದುವರಿಯಿತು. ಕಪಿಲೆಯನ್ನು ದಾಟಲು ಹೊಸ ಸೇತುವೆ ಕಟ್ಟಲಿಲ್ಲ. ದಳವಾಯಿಗಳ ಕಾಲದಲ್ಲಿ, 1735ರಲ್ಲಿ ಎತ್ತು-ಗಾಡಿಗಳಿಗೆಂದು ಕಟ್ಟಿದ್ದ ಕಲ್ಲಿನ ಸೇತುವೆಯ ಮೇಲೇ ಹಳಿ ಹಾಸಿದರು. ಒಂದೇ ಸೇತುವೆಯ ಮೇಲೆ ಪಕ್ಕದಲ್ಲಿ ರೈಲು, ಪಕ್ಕದಲ್ಲಿ ರಸ್ತೆ. ಗಾಡಿ ಹೋಗುವಾಗ ಸೈಕಲ್ಲಿನವರು ಇಳಿದು ಕೈಪಿಡಿ ಗಟ್ಟಿಯಾಗಿ ಹಿಡಿದು ನಿಲ್ಲುವುದನ್ನು ನಾನೇ ನೋಡಿದ್ದೇನೆ. ಅಲ್ಲಿ ರೈಲ್ವೆಗೂ ಊರಿಗೂ ನಡುವೆ ಗೋಡೆ ಎಂಬುದೇ ಇರಲಿಲ್ಲ. 1926ರಲ್ಲಿ ದಾರಿ ಚಾಮರಾಜನಗರ ಮುಟ್ಟಿತು. 2008ರ ಹೊತ್ತಿಗೆ ಬ್ರಾಡ್ ಗೇಜ್ ಆಗಿ, ಹೊಸ ಸೇತುವೆ ಬಂದು, ಹಳೆಯದು ಚರಿತ್ರೆಗೆ ಸೇರಿತು.

ರೈಲು ಮೈಸೂರು ಮುಟ್ಟಿದ ಅದೇ 1882ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಇನ್ನೊಂದು ಕೆಲಸ ನಡೆಯಿತು. ರೈಲಿನ ಪೊಲೀಸರನ್ನು ಸರ್ಕಾರಿ ಪೊಲೀಸ್, ಕಂಪನಿ ಪೊಲೀಸ್ ಎಂದು ವಿಧಿವತ್ತಾಗಿ ಬೇರ್ಪಡಿಸಿದರು. ಅಪರಾಧ ದಾಖಲಿಸುವುದು, ತನಿಖೆ ಮಾಡುವುದು ಸರ್ಕಾರದ ಪೊಲೀಸರ ಪಾಲಿಗೆ. ಕಂಪನಿಯ ಆಸ್ತಿ ಮತ್ತು ಸಾಗಣೆಗೆಂದು ಜನ ಕಂಪನಿಗೆ ಒಪ್ಪಿಸಿದ ಸರಕನ್ನು ಕಾಯುವುದು ಕಂಪನಿಯ ಚೌಕೀದಾರರ ಪಾಲಿಗೆ. ಈ ಚೌಕೀದಾರಿಕೆಯೇ ಮುಂದೆ 'ವಾಚ್ ಅಂಡ್ ವಾರ್ಡ್' ಆಯಿತು. 1957ರ ಕಾಯ್ದೆಯಿಂದ ರೈಲ್ವೆ ಸುರಕ್ಷಾ ದಳ, ಜನರ ಬಾಯಲ್ಲಿ ಆರ್.ಪಿ.ಎಫ್. ಆಯಿತು. ಸರ್ಕಾರಿ ಪೊಲೀಸರ ಕವಲು ರಾಜ್ಯದ ರೈಲ್ವೆ ಪೊಲೀಸ್ ಆಗಿ ಉಳಿಯಿತು. ಇವರು ರಾಜ್ಯದವರು, ಖರ್ಚಿನಲ್ಲಿ ಅರ್ಧ ರೈಲ್ವೆ ಕೊಡುತ್ತದೆ. ಇವರಿಬ್ಬರ ಜೊತೆಗೆ ಗೋಡೆಯಾಚೆ ಊರಿನ ಠಾಣೆ. ಒಂದು ನಿಲ್ದಾಣಕ್ಕೆ ಮೂರು ಖಾಕಿ.

ಈಗ ಪ್ರಯಾಣಿಕನ ಸೈಕಲ್ಲನ್ನು ಈ ನಕ್ಷೆಯ ಮೇಲೆ ಇಟ್ಟು ನೋಡಿ. ಅದು ರೈಲ್ವೆಯ ಆಸ್ತಿಯಲ್ಲ. ಬ್ರೇಕ್ ವ್ಯಾನಿಗೆ ಹಾಕಿ ರಶೀದಿ ಪಡೆದಿದ್ದರೆ ಅದು ರೈಲ್ವೆಗೆ ಒಪ್ಪಿಸಿದ ಸರಕು, ಕಳೆದರೆ ರೈಲ್ವೆ ಉತ್ತರ ಕೊಡಬೇಕು. 1989ರ ರೈಲ್ವೆ ಕಾಯ್ದೆಯ 100ನೆಯ ಕಲಮು ಹೇಳುವುದೂ ಇದನ್ನೇ: ಬುಕ್ ಮಾಡಿ ರಶೀದಿ ಕೊಡದ ಸಾಮಾನಿಗೆ ರೈಲ್ವೆ ಹೊಣೆಯಲ್ಲ. ಆದರೆ ಮರದ ಕೆಳಗೆ ನಿಲ್ಲಿಸಿ ಹೋದ ಸೈಕಲ್ ರೈಲಿಗೆ ಹತ್ತುವುದೇ ಇಲ್ಲ. ಸವಾರ ಪ್ರಯಾಣಿಕ, ಸೈಕಲ್ ಮಾತ್ರ ಪ್ರಯಾಣಿಕನಲ್ಲ. 2003ರ ತಿದ್ದುಪಡಿಯಲ್ಲಿ ಪ್ರಯಾಣಿಕರನ್ನು ಕಾಯುವುದನ್ನೂ ಸುರಕ್ಷಾ ದಳದ ಕೆಲಸಕ್ಕೆ ಸೇರಿಸಿದರು. ಆದರೂ ಕಳ್ಳತನದ ದೂರು ಬರೆದುಕೊಂಡು ತನಿಖೆ ನಡೆಸುವವರು ರೈಲ್ವೆ ಪೊಲೀಸರೇ, ಅದೂ ರೈಲ್ವೆ ಮೇರೆಯ ಒಳಗೆ ಆಗಿದ್ದರೆ. ನನ್ನನ್ನು ನೋಡಿ ನಕ್ಕವರು ಹೊಸದೇನನ್ನೂ ಕಂಡುಹಿಡಿದಿರಲಿಲ್ಲ. ನೂರು ವರ್ಷ ಹಿಂದಿನ ಒಂದು ವಿಭಜನೆಯನ್ನು ಪಾಲಿಸುತ್ತಿದ್ದರು.

ಟಿ. ನರಸೀಪುರದ ಮಾತು ಬೇರೆ. ಕಪಿಲೆ ಹೋಗಿ ಕಾವೇರಿಯನ್ನು ಸೇರುವ ಆ ಊರಿಗೆ ಇಂದಿಗೂ ರೈಲಿಲ್ಲ. ಪಿಟೀಲು ಚೌಡಯ್ಯನವರು ಹುಟ್ಟಿದ ತಿರುಮಕೂಡಲು, 1989ರಿಂದ ಕುಂಭಮೇಳ ನಡೆಯುವ ಸಂಗಮ, ತಲಕಾಡಿನ ಮರಳು ಎಲ್ಲ ಇರುವ ತಾಲ್ಲೂಕು ಅದು, ಹಳಿ ಮಾತ್ರ ಇಲ್ಲ. ಹಾಗಾಗಿ ಆ ಕಡೆಯ ಹಳ್ಳಿಗಳವರಿಗೆ ರೈಲು ಅಂದರೆ ನಂಜನಗೂಡು, ಇಲ್ಲವೆ ಮೈಸೂರು. ಬಸ್ಸುಗಳು ಕಡಿಮೆ ಇದ್ದ ಕಾಲದಲ್ಲಿ ಈ ನಡುವಿನ ಮೈಲಿಗಳನ್ನು ತುಂಬಿದ್ದು ಸೈಕಲ್. ಹಾಲಿನ ಕ್ಯಾನು, ರಸಬಾಳೆಯ ಗೊನೆ, ಗಿರಣಿಗೆ ಹೋಗುವವರ ಬುತ್ತಿ, ಶ್ರೀಕಂಠೇಶ್ವರನ ಗುಡಿಗೆ ಹರಕೆ ಹೊತ್ತು ಬಂದ ಮುದುಕಿ, ಎಲ್ಲವೂ ಕ್ಯಾರಿಯರ್ ಮೇಲೆಯೇ. ನಿಲ್ದಾಣದ ಮುಂದೆ ಸೈಕಲ್ಲುಗಳು ಸೇರುತ್ತಿದ್ದುದಕ್ಕೆ ಕಾರಣ ಇದು. ರೈಲು ನಿಲ್ಲುವಲ್ಲಿಂದ ಮನೆ ದೂರ ಇರುವವರ ವಾಹನ ಅದು. ಕಳುವಾದಾಗ ಹೆಚ್ಚು ನಡೆಯಬೇಕಾದವರೂ ಅವರೇ.

ನಮ್ಮ ಮನೆಯ ಸೈಕಲ್ಲಿಗೂ ಒಂದು ಸಣ್ಣ ಚರಿತ್ರೆ ಇತ್ತು. ಅಪ್ಪನ ಚಿಕ್ಕಂದಿನಲ್ಲಿ ಊರಿನ ಶಾನುಭೋಗರ ಮನೆಯಲ್ಲಿ ಮಾತ್ರ ಒಂದು ರ‍್ಯಾಲೆ ಇತ್ತಂತೆ, ಸೀಮೆಯಿಂದ ಬಂದದ್ದು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಕಂಪನಿ ಶುರುವಾಗಿ ಹರ್ಕ್ಯುಲಿಸ್ ಇಲ್ಲಿಯೇ ತಯಾರಾಗತೊಡಗಿತು. 1956ರಲ್ಲಿ ಲೂಧಿಯಾನದಿಂದ ಹೀರೋ ಬಂತು. ಆಮೇಲೆ ರೈತನ ಕೈಗೂ ಸೈಕಲ್ ಎಟುಕಿತು. ಅಪ್ಪ ಕೊಂಡದ್ದು ಒಂದು ವರ್ಷದ ಭತ್ತದ ಹಣದಲ್ಲಿ. ಕಪ್ಪು ಬಣ್ಣ, ಅಡ್ಡಗಂಬಿಗೆ ಸುತ್ತಿದ ಹಳದಿ ಟೇಪು, ಹಿಂದಿನ ಮಡ್‌ಗಾರ್ಡಿನ ಮೇಲೆ 'ಶ್ರೀ ನಂಜುಂಡೇಶ್ವರ ಪ್ರಸನ್ನ'. ನಾನು ಕಾಲೇಜಿಗೆ ಸೇರಿದಾಗ ಅಪ್ಪ ಅದನ್ನು ನನಗೆ ಬಿಟ್ಟುಕೊಟ್ಟು ತಾನು ನಡೆಯತೊಡಗಿದ. ನನ್ನ ಡಿಗ್ರಿ ಅದೇ ಬೇಸಿಗೆಗೆ ಮುಗಿಯುವುದಿತ್ತು. ಜೂನ್‌ನಿಂದ ಸೈಕಲ್ ತಂಗಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವಳ ಹೈಸ್ಕೂಲು ಆರು ಕಿಲೋಮೀಟರ್ ದೂರದ ಊರಿನಲ್ಲಿತ್ತು.

ಆ ಕಾಲದ ಸೈಕಲ್ಲಿಗೆ ಗುರುತೇ ಇರಲಿಲ್ಲವೆ ಎಂದರೆ, ಇತ್ತು. ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕುತ್ತಿದ್ದವು. ಕಟ್ಟಿದವರಿಗೆ ನಂಬರ್ ಒತ್ತಿದ ಲೋಹದ ಬಿಲ್ಲೆ ಕೊಡುತ್ತಿದ್ದರು. ಅದನ್ನು ಸೈಕಲ್ಲಿಗೆ ಬಿಗಿದುಕೊಂಡು ಓಡಾಡಬೇಕಿತ್ತು. ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪ ಇಲ್ಲದಿದ್ದರೆ, ಇಬ್ಬರು ಕೂತಿದ್ದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು ಎಂಬ ಕಥೆಗಳನ್ನು ಮೈಸೂರು ಸೀಮೆಯ ಹಿರಿಯರೆಲ್ಲ ಹೇಳುತ್ತಾರೆ. ಸೈಕಲ್ ಸವಾರನನ್ನು ಹಿಡಿಯಲು ನಮ್ಮಲ್ಲಿ ಏರ್ಪಾಡು ಚೆನ್ನಾಗಿಯೇ ಇತ್ತು. ಆದರೆ ಆ ಬಿಲ್ಲೆ ತೆರಿಗೆಯ ಗುರುತೇ ಹೊರತು ಒಡೆತನದ ಗುರುತಲ್ಲ. ಅದು ಪುರಸಭೆಯ ಮೇರೆಯೊಳಗಿನ ಮಾತು, ಹಳ್ಳಿಯವನಿಗೆ ಅದೂ ಇಲ್ಲ. ಕಾಲಕ್ರಮದಲ್ಲಿ ತೆರಿಗೆ ಹೋಯಿತು, ಬಿಲ್ಲೆಯೂ ಹೋಯಿತು.

ಇದಕ್ಕಿಂತ ಗಟ್ಟಿಯಾದ ಲೆಕ್ಕ ಇಟ್ಟವರು ಬಾಡಿಗೆ ಸೈಕಲ್ ಶಾಪಿನವರು. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ 1, 2, 3 ಎಂದು ಬರೆದು, ಪುಸ್ತಕದಲ್ಲಿ ಯಾರ ಮಗ, ಯಾವ ಬೀದಿ, ಎಷ್ಟು ಗಂಟೆಗೆ ಎಂದು ದಾಖಲಿಸುತ್ತಿದ್ದರು. ಆ ಪುಸ್ತಕದಿಂದ ತಪ್ಪಿಸಿಕೊಂಡ ಹುಡುಗನನ್ನು ನಾನು ಕಂಡಿಲ್ಲ. ಕಂಪನಿ ಒತ್ತಿದ ನಂಬರು ಸೀಟಿನ ಕೊಳವೆಯಲ್ಲೋ ಪೆಡಲಿನ ಅಚ್ಚಿನ ಕೆಳಗೋ ಇರುತ್ತದೆ ಎಂದು ನನಗೆ ಮೊದಲು ತೋರಿಸಿಕೊಟ್ಟವರೂ ಅಂಥ ಒಬ್ಬ ಶಾಪಿನವರೇ. ಸೈಕಲ್ ತಲೆಕೆಳಗು ಮಾಡಿ, ಸೀಮೆಎಣ್ಣೆ ಬಟ್ಟೆಯಿಂದ ಮಣ್ಣು-ಗ್ರೀಸು ಒರೆಸಿ ತೋರಿಸಿದರು. ನಮ್ಮದು ಕಳುವಾಗಿ ಆಗಲೇ ತಿಂಗಳಾಗಿತ್ತು.

ಎಷ್ಟೋ ವರ್ಷದ ಮೇಲೆ ವಿಟ್ಟೋರಿಯೋ ಡಿ ಸಿಕಾನ 'ಬೈಸಿಕಲ್ ಥೀವ್ಸ್' ನೋಡಿದೆ. 1948ರ ಇಟಲಿಯ ಚಿತ್ರ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕ ಮೊದಲ ದಿನವೇ ಆಂತೋನಿಯೋನ ಸೈಕಲ್ ಕಳುವಾಗುತ್ತದೆ. ಪೊಲೀಸರು ದೂರು ಬರೆದುಕೊಳ್ಳುತ್ತಾರೆ, ಹುಡುಕುವುದನ್ನು ಅವನಿಗೇ ಬಿಡುತ್ತಾರೆ. ಕದ್ದ ಸೈಕಲ್ಲು ಇಡಿಯಾಗಿ ಉಳಿಯುವುದಿಲ್ಲ ಎಂದು ಬಲ್ಲ ಅವನ ಗೆಳೆಯರು ಸಂತೆಯಲ್ಲಿ ಒಬ್ಬರು ಚೌಕಟ್ಟು, ಒಬ್ಬರು ಟಯರು, ಮಗ ಪಂಪು ಎಂದು ಹಂಚಿಕೊಂಡು ಹುಡುಕುತ್ತಾರೆ. ಒಂದು ಚೌಕಟ್ಟಿನ ಮೇಲೆ ಅನುಮಾನ ಬಂದಾಗ ಪೊಲೀಸನನ್ನು ಕರೆಸಿ ನಂಬರ್ ಓದಿಸುತ್ತಾರೆ. ತಾಳೆಯಾಗುವುದಿಲ್ಲ. ಎಲ್ಲರೂ ಕೊನೆಯ ದೃಶ್ಯಕ್ಕೆ ಅಳುತ್ತಾರೆ. ನನಗೆ ಗಂಟಲು ಕಟ್ಟಿದ್ದು ಈ ಸಂತೆಯ ದೃಶ್ಯದಲ್ಲಿ. ಆ ಬಡವನಿಗೆ ತನ್ನ ಸೈಕಲ್ಲಿನ ನಂಬರು ಗೊತ್ತಿತ್ತು!

ಇನ್ನು ಕಾನೂನು. ನನ್ನ ಸೈಕಲ್ ಹೋದಾಗ ಇದ್ದದ್ದು 1860ರ ದಂಡ ಸಂಹಿತೆ. ಅದರ 379ನೆಯ ಕಲಮಿನಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಕದ್ದದ್ದು ಕಾರೋ ಸೈಕಲ್ಲೋ ಎಂಬ ಭೇದವಿಲ್ಲ. ಅದು ಸಂಜ್ಞೇಯ ಅಪರಾಧ, ಅಂದರೆ ನ್ಯಾಯಾಧೀಶರ ಅಪ್ಪಣೆಗೆ ಕಾಯದೆ ಪೊಲೀಸರು ತಾವೇ ತನಿಖೆ ಶುರು ಮಾಡಬಹುದಾದದ್ದು. ಕಾಗದದ ಮೇಲೆ ನನ್ನ ಹಳೆಯ ಹರ್ಕ್ಯುಲಿಸ್‌ಗೂ ಒಬ್ಬ ಶ್ರೀಮಂತನ ಕಾರಿಗೂ ಸಮಾನ ಗೌರವ ಇತ್ತು. ಮೇಜಿನ ಮೇಲೆ ಇರಲಿಲ್ಲ, ಅಷ್ಟೆ. ಪೊಲೀಸರ ಕಡೆಯಿಂದ ನೋಡಿದರೆ ಅದಕ್ಕೆ ಕಾರಣವೂ ಇದೆ. ದಾಖಲಿಸಿದ ಪ್ರಕರಣ ಪತ್ತೆಯಾಗದಿದ್ದರೆ ಅದು ಠಾಣೆಯ ಲೆಕ್ಕಕ್ಕೆ ಸೇರುತ್ತದೆ. ಕೊನೆಗೆ ಪತ್ತೆಯಾಗಲಿಲ್ಲವೆಂದು 'ಸಿ' ರಿಪೋರ್ಟ್ ಹಾಕಬೇಕು. ನಂಬರಿಲ್ಲದ, ಬಿಲ್ಲಿಲ್ಲದ, ಎರಡೇ ದಿನದಲ್ಲಿ ಬಿಡಿಭಾಗವಾಗುವ ವಸ್ತುವನ್ನು ದಾಖಲಿಸಿಕೊಳ್ಳುವುದೆಂದರೆ ಸೋಲನ್ನು ಮೊದಲೇ ಬರೆದಿಟ್ಟುಕೊಂಡಂತೆ. ಅರ್ಜಿ ಪಡೆದು ಕಳಿಸುವುದು ಸುಲಭ.

2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಸುಲಭದ ದಾರಿಯನ್ನು ಮುಚ್ಚಿತು. ಸಂಜ್ಞೇಯ ಅಪರಾಧ ನಡೆದಿದೆ ಎಂದು ದೂರಿನಿಂದ ಕಂಡುಬಂದರೆ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯ ಎಂದಿತು. ಮೇರೆಯ ಜಗಳಕ್ಕೂ ಪರಿಹಾರ ಬಂತು. ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಶೂನ್ಯ ಸಂಖ್ಯೆಯಲ್ಲಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಜನ ಇದನ್ನು ಜೀರೋ ಎಫ್.ಐ.ಆರ್. ಎನ್ನುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿ ಅದು ಬರಹಕ್ಕೇ ಇಳಿಯಿತು. ಹೊಂಗೆ ಮರದ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು ಎಂದು ನಾನು ಖುಷಿಪಟ್ಟೆ. ಒಳಗಾದರೇನು, ಹೊರಗಾದರೇನು, ಮೊದಲು ಬರೆದುಕೊಳ್ಳಿ.

ಆದರೆ ಅದೇ ದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮನ್ನು ಓದಿದಾಗ ಖುಷಿ ಇಳಿಯಿತು. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಕದ್ದವನಿಗೆ ಶಿಕ್ಷೆಯಾಗುತ್ತಿರುವುದು ಇದೇ ಮೊದಲ ಸಲವಾಗಿದ್ದು, ಅವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಜೈಲಿಲ್ಲ, ಸಮುದಾಯ ಸೇವೆ. ಇದು ಒಳ್ಳೆಯ ಮಾತೇ. ಡಿ ಸಿಕಾನ ಚಿತ್ರದಲ್ಲಿ ಕೊನೆಗೆ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬಿದ್ದ ಆಂತೋನಿಯೋನನ್ನು, ಪಕ್ಕದಲ್ಲಿ ನಿಂತ ಮಗನ ಮುಖ ನೋಡಿ ಸೈಕಲ್ಲಿನ ಯಜಮಾನ ಬಿಟ್ಟುಬಿಡುತ್ತಾನೆ. ಹಸಿದು ಕದ್ದವನನ್ನು ಮೂರು ವರ್ಷ ಒಳಗೆ ಹಾಕಬೇಕೆಂದು ನಾನೂ ಬಯಸುವುದಿಲ್ಲ.

ತೊಂದರೆ ಇರುವುದು ಶಿಕ್ಷೆಯಲ್ಲಲ್ಲ, ಅನುಬಂಧದ ಪಟ್ಟಿಯಲ್ಲಿ. 5,000ಕ್ಕಿಂತ ಕಡಿಮೆ ಬೆಲೆಯ ಕಳ್ಳತನವನ್ನು ಅಲ್ಲಿ ಅಸಂಜ್ಞೇಯ ಎಂದು ಸೇರಿಸಿದ್ದಾರೆ. ಅಂದರೆ ಠಾಣೆಯವರು ಪುಸ್ತಕದಲ್ಲಿ ಬರೆದುಕೊಂಡು ದೂರುದಾರನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಲು ಹೇಳಬೇಕು. ಅವರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಲಲಿತಾ ಕುಮಾರಿ ತೀರ್ಪಿನ ಬಲವೂ ಅಲ್ಲಿಗೆ ಬರುವುದಿಲ್ಲ, ಏಕೆಂದರೆ ಅದು ಸಂಜ್ಞೇಯ ಅಪರಾಧಗಳ ಮಾತು. ಕಳ್ಳ ಯಾರೆಂದೇ ತಿಳಿಯದೆ ಅವನಿಗೆ ಇದು ಮೊದಲನೆಯದೋ ಹತ್ತನೆಯದೋ ಎಂದು ತಿಳಿಯುವುದು ಹೇಗೆ? ತಿಳಿಯಬೇಕಾದರೆ ತನಿಖೆ ಆಗಬೇಕು, ತನಿಖೆಗೆ ಆದೇಶ ಬೇಕು, ಆದೇಶಕ್ಕೆ ಕೂಲಿ ಬಿಟ್ಟು ಕೋರ್ಟಿಗೆ ಹೋಗಬೇಕು.

ಆ 5,000ದ ಗೆರೆ ಎಲ್ಲಿ ಬೀಳುತ್ತದೆ ನೋಡಿ. ಅಂಗಡಿಯಿಂದ ಈಗ ತಂದ ಸೈಕಲ್ ಸಾಮಾನ್ಯವಾಗಿ ಗೆರೆಯ ಮೇಲಿದೆ. ಮೂರು ನಾಲ್ಕು ವರ್ಷ ತುಳಿದದ್ದು, ಕೈಬದಲಾಗಿ ಕೊಂಡದ್ದು, ಅಪ್ಪನಿಂದ ಮಗನಿಗೆ ಬಂದದ್ದು ಗೆರೆಯ ಕೆಳಗೆ ಬೀಳುತ್ತದೆ. ಟಿ. ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆ, ಆ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕದಷ್ಟು ಹೆಚ್ಚು ಎಂದು ನಮ್ಮ ಕಡೆಯವರು ಹೇಳುತ್ತಾರೆ. ತಕ್ಕಡಿಯಲ್ಲಿ ಒಂದು ಗುಲಗಂಜಿಯೂ ಲೆಕ್ಕಕ್ಕೆ ಬರುತ್ತದೆ ಎಂಬ ನಂಬಿಕೆ ಅದು. ಸೈಕಲ್ಲಿನ ಪೇಟೆ ಬೆಲೆ ತೂಗುವ ಕಾನೂನು, ಅದು ಇಲ್ಲದಾಗ ನಡೆಯಬೇಕಾದ ಮೈಲಿಗಳನ್ನು ತೂಗಲಿಲ್ಲ.

ಕಾವಲಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಬಾರದಿತ್ತೆ ಎಂದು ಕೇಳಬಹುದು. ದೊಡ್ಡ ನಿಲ್ದಾಣಗಳಲ್ಲಿ ಗುತ್ತಿಗೆಯ ಸ್ಟ್ಯಾಂಡುಗಳಿರುತ್ತವೆ. ಹಣ ಕೊಟ್ಟರೆ ಚೀಟಿ ಹರಿದು ಕೊಡುತ್ತಾರೆ. 'ವಾಹನದ ಹೊಣೆ ಮಾಲೀಕರದೇ' ಎಂಬ ಸಾಲು ಅಂಥ ಚೀಟಿಗಳ ಕೆಳಗೆ ನಮಗೆಲ್ಲ ಪರಿಚಿತ. ಆದರೆ ಆ ಸಾಲೇ ಕೊನೆಯ ಮಾತಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನು ವಿವೇಕವುಳ್ಳ ಮನುಷ್ಯ ತನ್ನದನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. ಒಂದು ಹೋಟೆಲಿನ ಪಾರ್ಕಿಂಗಿನಿಂದ ಕಳುವಾದ ಕಾರಿನ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್, ವಾಹನವನ್ನು ವಶಕ್ಕೆ ಪಡೆದ ಮೇಲೆ ಚೀಟಿಯ ಸಾಲನ್ನು ತೋರಿಸಿ ತನ್ನ ಅಲಕ್ಷ್ಯದಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ಕಾರಿಗೆ ಸಿಕ್ಕ ಈ ಮಾತನ್ನು ಸೈಕಲ್ಲಿಗೂ ಕೇಳಬಹುದು. ಕೇಳಿದವರು ಕಡಿಮೆ. ಆ ಚೀಟಿಯನ್ನು ಬಿಸಾಡಬೇಡಿ ಎಂದಷ್ಟೇ ನಾನು ಹೇಳಬಲ್ಲೆ.

ಬೇರೆಡೆ ದಾರಿ ಹುಡುಕಿದವರಿದ್ದಾರೆ. ಜಪಾನಿನಲ್ಲಿ 1994ರಿಂದ ಪ್ರತಿ ಸೈಕಲ್ಲನ್ನೂ ನೋಂದಾಯಿಸುವುದು ಕಡ್ಡಾಯ. ಕೊಳ್ಳುವಾಗಲೇ ಅಂಗಡಿಯವನು ನಂಬರಿನ ಚೀಟಿ ಅಂಟಿಸುತ್ತಾನೆ, ಬೀದಿಯ ಪೊಲೀಸನಿಗೆ ಅದನ್ನು ನೋಡಿ ಯಾರದೆಂದು ತಿಳಿಯುತ್ತದೆ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗವನ್ನೇ ಕಟ್ಟಿ 2019ರಲ್ಲಿ ಮುಗಿಸಿದರು. ಅಷ್ಟು ದೂರ ಏಕೆ, ಮೈಸೂರಿನಲ್ಲೇ 2017ರಲ್ಲಿ 450 ಸೈಕಲ್ಲುಗಳೊಂದಿಗೆ 'ಟ್ರಿಣ್ ಟ್ರಿಣ್' ಶುರುವಾಯಿತು. ಪ್ರತಿ ಸೈಕಲ್ಲಿಗೆ ನಂಬರು, ಬೀಗ ಹಾಕುವ ಕಂಬ, ಪಡೆದವನ ಗುರುತು. ಹಳೆಯ ಬಾಡಿಗೆ ಶಾಪಿನ ಪುಸ್ತಕವೇ ಕಂಪ್ಯೂಟರಿಗೆ ಏರಿದಂತೆ. ಸೈಕಲ್ಲನ್ನು ಗುರುತಿಸಿ ಕಾಯುವುದು ನಮಗೆ ಬಾರದ ವಿದ್ಯೆಯಲ್ಲ. ಹಳ್ಳಿಯಿಂದ ಬಂದವನ ಸ್ವಂತ ಸೈಕಲ್ಲಿಗೆ ಅದನ್ನು ಮಾಡಿಲ್ಲ, ಅಷ್ಟೆ.

ಪೊಲೀಸ್ ಠಾಣೆಗಳ ಹಿತ್ತಿಲಲ್ಲಿ ತುಕ್ಕು ಹಿಡಿದ ಸೈಕಲ್ಲುಗಳ ರಾಶಿಯನ್ನು ನೀವೂ ನೋಡಿರುತ್ತೀರಿ. ಬಳ್ಳಿ ಹಬ್ಬಿ, ಮಳೆಗೆ ಸೀಟು ಕೊಳೆತು ಬಿದ್ದಿರುತ್ತವೆ. ವಾರಸುದಾರರು ತಿಳಿಯದಿದ್ದರೆ ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾಯಬೇಕು, ಬಾರದಿದ್ದರೆ ಹರಾಜು ಹಾಕಬಹುದು ಎಂದು ಕಾನೂನಿದೆ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡಬೇಡಿ ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲಿ ಸ್ವತ್ತು ವಾಪಸು ಕೊಡುವ ಪೆರೇಡುಗಳೂ ನಡೆಯುತ್ತವೆ. ಅಲ್ಲಿ ಮೇಜಿನ ಮೇಲೆ ಹೊಳೆಯುವುದು ಒಡವೆ, ಮೊಬೈಲು, ಬೈಕು. ಸಿಕ್ಕ ಸೈಕಲ್ಲಿಗೆ ಕೇಳುವವರಿಲ್ಲ, ಕೇಳುವವರ ಸೈಕಲ್ ಸಿಕ್ಕಿಲ್ಲ. ಇವೆರಡರ ನಡುವೆ ಇರಬೇಕಾದದ್ದು ಆರೇಳು ಅಂಕಿಗಳ ಒಂದು ನಂಬರು. ಎಷ್ಟೋ ವರ್ಷ ನಾನು ಅಂಥ ರಾಶಿ ಕಂಡಲ್ಲೆಲ್ಲ ನಿಂತು ಹಳದಿ ಟೇಪು ಹುಡುಕುತ್ತಿದ್ದೆ.

ಸೈಕಲ್ ಹೋದ ಸುದ್ದಿ ಹೇಳಿದಾಗ ಅಪ್ಪ ಬೈಯಲಿಲ್ಲ. "ಬೀಗ ಹಾಕಿದ್ದೆಯಾ?" ಎಂದು ಒಂದೇ ಮಾತು ಕೇಳಿದ. ಹಾಕಿದ್ದೆ ಅಂದೆ. ಇನ್ನೊಂದು ಕೊಳ್ಳುವ ಶಕ್ತಿ ಆ ವರ್ಷ ಮನೆಗೆ ಇರಲಿಲ್ಲ. ಜೂನ್‌ನಿಂದ ತಂಗಿ ನಡೆದೇ ಹೈಸ್ಕೂಲಿಗೆ ಹೋದಳು, ದಿನಕ್ಕೆ ಹನ್ನೆರಡು ಕಿಲೋಮೀಟರ್. ಒಂದು ವರ್ಷ ಹೋದಳು. ಎರಡನೆಯ ಮಳೆಗಾಲದಲ್ಲಿ ಬಿಟ್ಟಳು. ಸೈಕಲ್ ಇದ್ದಿದ್ದರೆ ಓದುತ್ತಿದ್ದಳೆಂದು ಆಣೆ ಮಾಡಿ ಹೇಳಲಾರೆ. ಆ ಕಾಲದಲ್ಲಿ ಹುಡುಗಿಯರನ್ನು ಶಾಲೆ ಬಿಡಿಸಲು ಬೇರೆ ಕಾರಣಗಳೂ ಸಿದ್ಧವಾಗಿರುತ್ತಿದ್ದವು. ಆದರೆ ಇದೊಂದು ಕಾರಣವನ್ನು ಕೊಟ್ಟವನು ನಾನು.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ತಂಗಿಯ ಮಗಳ ಸರದಿ ಬಂದಾಗ ನಾನು ಊರಿನಲ್ಲೇ ಇದ್ದೆ. ಹುಡುಗಿ ಸೈಕಲ್ ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದಳು. ಬೀದಿಯ ಮಕ್ಕಳೆಲ್ಲ ಗಂಟೆ ಬಾರಿಸಿ ನೋಡಿದರು. ತಂಗಿ ಒಳಗಿನಿಂದ ಬಂದವಳು ಅರಿಶಿನ ಕುಂಕುಮ ಇಡುವ ಮೊದಲು ಸೈಕಲ್ಲನ್ನು ತಲೆಕೆಳಗು ಮಾಡಿದಳು. ಸೆರಗಿನಿಂದ ಒರೆಸಿ, ಬಗ್ಗಿ ನೋಡಿ, ಒಂದೊಂದೇ ಅಂಕಿಯನ್ನು ಜೋರಾಗಿ ಓದಿದಳು. "ಅಣ್ಣ, ಬರ್ಕೊ" ಅಂದಳು.

ದೇವರ ಗೂಡಿನ ಪಕ್ಕದ ಗೋಡೆಯ ಮೇಲೆ ಬರೆದೆ. ಆಮೇಲೆ ಎರಡು ಸಲ ಸುಣ್ಣ ಬಳಿದಿದ್ದಾರೆ. ಆ ನಂಬರು ಇರುವ ಜಾಗವನ್ನು ಬಿಟ್ಟು ಬಳಿದಿದ್ದಾರೆ.